ಆರೋಗ್ಯಕರ ದೇಹತೂಕ

ವ್ಯಕ್ತಿಯ ಎತ್ತರ, ವಯಸ್ಸು, ಲಿಂಗ ಮತ್ತು ಮೈಕಟ್ಟಿಗೆ ಹೊಂದುವ, ತೂಕದಿಂದ ಬರಬಹುದಾದ ಕಾಯಿಲೆಗಳ ಅಪಾಯ ಅತಿ ಕಡಿಮೆ ಇರುವ ತೂಕದ ಶ್ರೇಣಿಗೆ ಆರೋಗ್ಯಕರ ದೇಹತೂಕ ಎಂದು ಹೆಸರು. ಭಾರತೀಯರಿಗೆ ಈಗ ಬಳಕೆಯಲ್ಲಿರುವ ಮಾನದಂಡದ ಪ್ರಕಾರ 160 ಸೆಂ.ಮೀ. ಎತ್ತರದ ವಯಸ್ಕರಿಗೆ ಈ ಶ್ರೇಣಿ ಸುಮಾರು 47ರಿಂದ 59 ಕಿಲೊ, 170 ಸೆಂ.ಮೀ. ಎತ್ತರದವರಿಗೆ 53ರಿಂದ 66 ಕಿಲೊ. ಒಂದೇ ಎತ್ತರದ ಇಬ್ಬರ ನಡುವೆ ಹತ್ತು ಹನ್ನೆರಡು ಕಿಲೊ ವ್ಯತ್ಯಾಸವಿದ್ದೂ ಇಬ್ಬರೂ ಆರೋಗ್ಯವಂತರಾಗಿರಬಹುದು.

ಅಧಿಕ ತೂಕ ಮತ್ತು ಬೊಜ್ಜು ಎಂಬ ಎರಡು ಪದಗಳನ್ನು ಇಲ್ಲಿ ಬೇರೆ ಬೇರೆ ಅರ್ಥದಲ್ಲಿ ಬಳಸಲಾಗಿದೆ. ಎತ್ತರಕ್ಕೆ ಇರಬೇಕಾದುದಕ್ಕಿಂತ ತೂಕ ಹೆಚ್ಚಿದ್ದರೆ ಅದು ಅಧಿಕ ತೂಕ. ದೇಹದಲ್ಲಿ ಆರೋಗ್ಯ ಕೆಡಿಸುವಷ್ಟು ಕೊಬ್ಬು ಸೇರಿದ್ದರೆ ಅದು ಬೊಜ್ಜು. ಸಾಮಾನ್ಯವಾಗಿ ಇವೆರಡೂ ಜೊತೆಯಾಗಿಯೇ ಇರುತ್ತವೆ. ಆದರೆ ತೂಕ ಹೆಚ್ಚಿದ್ದೂ ಬೊಜ್ಜಿಲ್ಲದವರು, ತೂಕ ಸರಿಯಿದ್ದೂ ಬೊಜ್ಜಿರುವವರು ಇಬ್ಬರೂ ಉಂಟು. ಎರಡನೆಯ ಗುಂಪಿನವರು ಭಾರತದಲ್ಲಿ ಹೆಚ್ಚು.

ಇತಿಹಾಸ

ಅತಿ ದಪ್ಪವೂ ಅತಿ ಸಣಕಲೂ ರೋಗಕ್ಕೆ ದಾರಿ ಎಂಬ ತಿಳಿವಳಿಕೆ ಬಹಳ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ಅತಿಸ್ಥೂಲ ಮತ್ತು ಅತಿಕೃಶ ದೇಹಗಳ ಲಕ್ಷಣ, ಕಾರಣ, ಚಿಕಿತ್ಸೆಗಳನ್ನು ವಿವರಿಸುತ್ತದೆ. ಸ್ಥೂಲರಿಗೆ ಚಿಕಿತ್ಸೆ ಮಾಡುವುದು ಹೆಚ್ಚು ಕಷ್ಟ, ಆದ್ದರಿಂದ ಎರಡರಲ್ಲಿ ಕೃಶತೆಯೇ ವಾಸಿ ಎಂಬುದು ಅದರ ನಿಲುವು. ಅಲ್ಲಿನ ವರ್ಣನೆ ಕಣ್ಣಿಗೆ ಕಾಣುವ ಲಕ್ಷಣಗಳನ್ನು ಆಧರಿಸಿದ್ದು. ತೂಕದ ಲೆಕ್ಕ ಅಲ್ಲಿಲ್ಲ.

ಮನುಷ್ಯದೇಹವನ್ನು ಕ್ರಮಬದ್ಧವಾಗಿ ತೂಗಿ ನೋಡಿದವರಲ್ಲಿ ಇಟಲಿಯ ಪಡುವಾದ ವೈದ್ಯ ಸಾಂತೋರಿಯೊ ಸಾಂತೋರಿಯೊ ಮೊದಲಿಗರು. ತಕ್ಕಡಿಗೆ ನೇತುಹಾಕಿದ ಕುರ್ಚಿಯಲ್ಲಿ ಕುಳಿತು, ತಿಂದುದು, ಕುಡಿದುದು, ವಿಸರ್ಜಿಸಿದುದು ಎಲ್ಲವನ್ನೂ ವರ್ಷಗಟ್ಟಲೆ ತೂಗಿ, 1614ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಳಗೆ ಹೋದುದಕ್ಕಿಂತ ಹೊರಗೆ ಬಂದುದರ ತೂಕ ಬಹಳ ಕಡಿಮೆಯಿತ್ತು. ಉಳಿದದ್ದು ಕಣ್ಣಿಗೆ ಕಾಣದ ಹಾಗೆ ಆವಿಯಾಗಿ ಹೋಗುತ್ತದೆ ಎಂದು ಅವರು ವಿವರಿಸಿದರು.

ತೂಕವನ್ನು ಎತ್ತರದೊಂದಿಗೆ ಗಣಿತದ ಮೂಲಕ ಬೆಸೆದವರು ಬೆಲ್ಜಿಯಮ್ಮಿನ ಅಡಾಲ್ಫ್ ಕ್ವೆಟ್ಲೆ (1796–1874). ಖಗೋಳಶಾಸ್ತ್ರಜ್ಞರೂ ಸಂಖ್ಯಾಶಾಸ್ತ್ರಜ್ಞರೂ ಆಗಿದ್ದ ಅವರಿಗೆ ಬೇಕಿದ್ದದ್ದು ‘ಸರಾಸರಿ ಮನುಷ್ಯ’ನ ಅಳತೆ, ಬೊಜ್ಜಿನ ಬಗ್ಗೆ ಅವರಿಗೆ ಆಸಕ್ತಿ ಇರಲಿಲ್ಲ. ವಯಸ್ಕರ ತೂಕ ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ ಎಂಬ ಅವರ ನಿಯಮ 1835ರ ಗ್ರಂಥದಲ್ಲಿದೆ. ವೈದ್ಯಲೋಕ ಅದನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಬಳಸಲಿಲ್ಲ.

ಆ ಅವಧಿಯಲ್ಲಿ ತೂಕದ ಮಾನದಂಡಗಳನ್ನು ರೂಪಿಸಿದವರು ವಿಮಾ ಕಂಪನಿಗಳವರು. ಯಾವ ತೂಕದ ಗ್ರಾಹಕರು ಬೇಗ ಸಾಯುತ್ತಾರೆ ಎಂಬ ಲೆಕ್ಕ ಅವರಿಗೆ ವ್ಯಾಪಾರದ ಪ್ರಶ್ನೆಯಾಗಿತ್ತು. ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಸಂಸ್ಥೆಯ ಸಂಖ್ಯಾಶಾಸ್ತ್ರಜ್ಞ ಲೂಯಿ ಡಬ್ಲಿನ್ ಅವರ ನೇತೃತ್ವದಲ್ಲಿ 1942–43ರಲ್ಲಿ ‘ಆದರ್ಶ ತೂಕ’ದ ಕೋಷ್ಟಕಗಳು ಹೊರಬಂದವು. 1959 ಮತ್ತು 1983ರಲ್ಲಿ ಅವು ಪರಿಷ್ಕೃತವಾದವು. ಸಣ್ಣ, ಮಧ್ಯಮ, ದೊಡ್ಡ ಎಂಬ ಮೂರು ಮೈಕಟ್ಟುಗಳಿಗೆ ಪ್ರತ್ಯೇಕ ತೂಕಗಳನ್ನು ಕೊಟ್ಟಿದ್ದರೂ ಮೈಕಟ್ಟನ್ನು ಅಳೆಯುವುದು ಹೇಗೆ ಎಂಬುದನ್ನು ಆರಂಭದ ಕೋಷ್ಟಕಗಳು ತಿಳಿಸಲಿಲ್ಲ. ಮೊಣಕೈ ಮೂಳೆಯ ಅಗಲ ನೋಡಿ ಅದನ್ನು ನಿರ್ಧರಿಸುವ ಕ್ರಮ ಬಂದದ್ದು 1983ರಲ್ಲಿ. ವಿಮೆ ಮಾಡಿಸಿಕೊಂಡವರನ್ನು ಮಾತ್ರ ಆಧರಿಸಿದ್ದ ಈ ಅಂಕಿಗಳು ಬಡವರಿಗೂ ಬೇರೆ ದೇಶದವರಿಗೂ ಹೊಂದುತ್ತವೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು.

ಕೋಷ್ಟಕಗಳ ಮಿತಿ ಎರಡನೆಯ ಮಹಾಯುದ್ಧದ ಹೊತ್ತಿಗೇ ಬಯಲಾಗಿತ್ತು. ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆನ್ಕಿ ಮತ್ತು ಅವರ ಸಹೋದ್ಯೋಗಿ 25 ಮಂದಿ ವೃತ್ತಿಪರ ಫುಟ್ಬಾಲ್ ಆಟಗಾರರನ್ನು ನೀರಿನಲ್ಲಿ ಮುಳುಗಿಸಿ ತೂಗಿದರು. ಆಗಿನ ಎತ್ತರ–ತೂಕದ ಕೋಷ್ಟಕದ ಪ್ರಕಾರ ಅವರಲ್ಲಿ 17 ಮಂದಿ ಅಧಿಕ ತೂಕದ ಕಾರಣ ಸೇನೆಗೆ ಅನರ್ಹರು. ಅವರ ಮೈಸಾಂದ್ರತೆ ಹೇಳಿದ್ದು ಬೇರೆಯೇ: ಹೆಚ್ಚಿಗೆ ಇದ್ದದ್ದು ಕೊಬ್ಬಲ್ಲ, ಸ್ನಾಯು. ಈ ವರದಿ 1942ರಲ್ಲಿ ಪ್ರಕಟವಾಯಿತು.

1972ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಪುರುಷರ ಅಳತೆಗಳನ್ನು ಇಟ್ಟುಕೊಂಡು, ಆಗ ಚಾಲ್ತಿಯಲ್ಲಿದ್ದ ಸೂತ್ರಗಳನ್ನು ಹೋಲಿಸಿದರು. ಕ್ವೆಟ್ಲೆಯ ಸೂತ್ರವೇ ಸರಳವೂ ಸಾಕಷ್ಟು ನಿಖರವೂ ಎಂದು ಕಂಡುಕೊಂಡು ಅದಕ್ಕೆ ದೇಹದ್ರವ್ಯರಾಶಿ ಸೂಚ್ಯಂಕ ಎಂದು ಹೆಸರಿಟ್ಟರು. ಇಂದು ಎಲ್ಲರ ಬಾಯಲ್ಲಿರುವ ಬಿಎಂಐ ಇದೇ. ವ್ಯಕ್ತಿಯೊಬ್ಬನ ಆರೋಗ್ಯ ನಿರ್ಣಯಕ್ಕಿಂತ ಜನಸಮುದಾಯಗಳ ಅಧ್ಯಯನಕ್ಕೆ ಅದು ಒದಗುತ್ತದೆ ಎಂಬುದು ಅವರ ಆಶಯವಾಗಿತ್ತು.

ಬಿಎಂಐಯ ಮೇಲಿನ ಗಡಿಗಳ ಚರ್ಚೆ ಶ್ರೀಮಂತ ದೇಶಗಳಲ್ಲಿ ನಡೆಯಿತು. ಕೆಳಗಿನ ಗಡಿಯ ಚರ್ಚೆ ಹಸಿವಿನ ಅಧ್ಯಯನದಿಂದ ಹುಟ್ಟಿತು. 1988ರಲ್ಲಿ ಜೇಮ್ಸ್, ಫೆರೊ-ಲುಟ್ಸಿ ಮತ್ತು ವಾಟರ್ಲೋ ಎಂಬ ಮೂವರು ತಜ್ಞರು ವಯಸ್ಕರ ದೀರ್ಘಕಾಲದ ಶಕ್ತಿಕೊರತೆಯನ್ನು 18.5, 17 ಮತ್ತು 16 ಎಂಬ ಗಡಿಗಳಿಂದ ಗುರುತಿಸುವ ಕ್ರಮ ಸೂಚಿಸಿದರು. ಇದರಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪೌಷ್ಟಿಕತೆಯ ಸಂಶೋಧನೆ ನಡೆಸಿದ್ದ ಪ್ರಕಾಶ್ ಶೆಟ್ಟಿ ಅವರು ಜೇಮ್ಸ್ ಜೊತೆ ಸೇರಿ ಬರೆದ, ಈ ವಿಷಯದ ಪ್ರಮುಖ ಕೈಪಿಡಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1994ರಲ್ಲಿ ಹೊರತಂದಿತು.

ದೇಹತೂಕದ ಘಟಕಗಳು

ತಕ್ಕಡಿ ತೋರಿಸುವ ಅಂಕಿಯಲ್ಲಿ ನೀರು, ಸ್ನಾಯು, ಮೂಳೆ, ಕೊಬ್ಬು, ಅಂಗಾಂಗ, ಹೊಟ್ಟೆಯಲ್ಲಿರುವ ಊಟ ಎಲ್ಲವೂ ಸೇರಿರುತ್ತವೆ. ವಯಸ್ಕ ಪುರುಷರ ತೂಕದಲ್ಲಿ ಸುಮಾರು ಶೇ 60, ಮಹಿಳೆಯರಲ್ಲಿ ಸುಮಾರು ಶೇ 50 ನೀರೇ. ಹಾರ್ಮೋನುಗಳ ಕೆಲಸಕ್ಕೂ ಅಂಗಗಳ ರಕ್ಷಣೆಗೂ ಒಂದಿಷ್ಟು ಕೊಬ್ಬು ಬೇಕೇಬೇಕು. ಮಹಿಳೆಯರಲ್ಲಿ ಈ ಅಗತ್ಯ ಕೊಬ್ಬಿನ ಪ್ರಮಾಣ ಪುರುಷರಿಗಿಂತ ಬಹಳ ಹೆಚ್ಚು.

ಒಂದೇ ದಿನದಲ್ಲಿ ತೂಕ ಒಂದೆರಡು ಕಿಲೊ ಏರಿಳಿಯುವುದು ಸಹಜ. ಒಂದು ಲೀಟರ್ ನೀರು ಕುಡಿದರೆ ಆ ಕ್ಷಣಕ್ಕೆ ಒಂದು ಕಿಲೊ ಕೂಡಿತು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ರೂಪದಲ್ಲಿ ಶೇಖರವಾಗುವ ಪ್ರತಿ ಗ್ರಾಂ ಸಕ್ಕರೆಯ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿಕೊಳ್ಳುತ್ತದೆ. ಅನ್ನ, ಚಪಾತಿ ಬಿಟ್ಟ ಮೊದಲ ವಾರದಲ್ಲಿ ತೂಕ ಸರ್ರನೆ ಇಳಿಯುವುದು ಬಹುಮಟ್ಟಿಗೆ ಈ ನೀರಿನಿಂದ. ಕೊಬ್ಬು ಅಷ್ಟು ಬೇಗ ಕರಗುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ 50 ಕಿಲೊ ವಿಭಾಗದ ಫೈನಲ್ ತಲುಪಿದ್ದ ಭಾರತದ ವಿನೇಶ್ ಫೋಗಟ್, ಮರುದಿನ ಬೆಳಿಗ್ಗೆ 100 ಗ್ರಾಂ ಹೆಚ್ಚು ತೂಗಿದ್ದಕ್ಕೆ ಅನರ್ಹರಾದರು. ದೇಹದ ನೀರಿನ ಲೆಕ್ಕಾಚಾರ ಎಷ್ಟು ನಿರ್ಣಾಯಕವಾಗಬಲ್ಲದು ಎಂಬುದಕ್ಕೆ ಅದು ನೋವಿನ ಉದಾಹರಣೆ.

ಕೊಬ್ಬು ಎಷ್ಟಿದೆ ಎಂಬಷ್ಟೇ ಎಲ್ಲಿದೆ ಎಂಬುದೂ ಮುಖ್ಯ. ತೊಡೆ, ನಿತಂಬಗಳ ಚರ್ಮದಡಿ ಸೇರುವ ಕೊಬ್ಬು ಹೋಲಿಕೆಯಲ್ಲಿ ನಿರುಪದ್ರವಿ. ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರುವ ಒಳಾಂಗ ಕೊಬ್ಬಿನಿಂದ ಹೊರಡುವ ಕೊಬ್ಬಿನಾಮ್ಲಗಳು ನೇರವಾಗಿ ಯಕೃತ್ತಿಗೆ ಹೋಗುತ್ತವೆ. ಯಕೃತ್ತಿನಲ್ಲಿ ಕೊಬ್ಬು ತುಂಬುವುದು, ಇನ್ಸುಲಿನ್‌ಗೆ ದೇಹ ಸ್ಪಂದಿಸದಿರುವುದು, ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುವುದು ಇದರ ಜೊತೆಗೇ ಕಾಣಿಸಿಕೊಳ್ಳುತ್ತವೆ.

ಅಳತೆಯ ವಿಧಾನಗಳು

ತೂಕ ಮತ್ತು ಎತ್ತರ: ಒಂದು ಕಾಲಕ್ಕೆ ಬಹಳಷ್ಟು ಭಾರತೀಯರಿಗೆ ತಮ್ಮ ತೂಕ ತಿಳಿಯುತ್ತಿದ್ದದ್ದು ರೈಲು ನಿಲ್ದಾಣದ ಯಂತ್ರದಿಂದ. ಬಣ್ಣದ ದೀಪಗಳು ತಿರುಗಿ, ನಾಣ್ಯ ಬಿದ್ದು, ಒಂದು ಬದಿಯಲ್ಲಿ ತೂಕ, ಇನ್ನೊಂದು ಬದಿಯಲ್ಲಿ ಭವಿಷ್ಯ ಅಚ್ಚಾದ ರಟ್ಟಿನ ಚೀಟಿ ಉದುರುತ್ತಿತ್ತು. ಚಪ್ಪಲಿ, ಬಟ್ಟೆ, ಜೇಬಿನ ಚಿಲ್ಲರೆ ಎಲ್ಲವೂ ಆ ತೂಕದಲ್ಲಿ ಸೇರಿರುತ್ತಿದ್ದವು. ವೈದ್ಯಕೀಯ ಅಳತೆಗೆ ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ, ತೆಳು ಬಟ್ಟೆಯಲ್ಲಿ, ಬರಿಗಾಲಲ್ಲಿ ನಿಲ್ಲಬೇಕು. ಯಂತ್ರ ಗಟ್ಟಿ ನೆಲದ ಮೇಲಿರಬೇಕು. ಚಾಪೆ, ಜಮಖಾನದ ಮೇಲಿಟ್ಟರೆ ಅಂಕಿ ತಪ್ಪುತ್ತದೆ. ಎತ್ತರ ಅಳೆಯುವಾಗ ಹಿಮ್ಮಡಿ, ನಿತಂಬ, ಬೆನ್ನು ಗೋಡೆಗೆ ತಾಗಿ, ನೋಟ ನೇರ ಮುಂದಕ್ಕಿರಬೇಕು. ಬೆನ್ನುಮೂಳೆಯ ಮೆತ್ತೆಗಳು ಅದುಮಿಕೊಳ್ಳುವುದರಿಂದ ಸಂಜೆಯ ಹೊತ್ತಿಗೆ ಎತ್ತರ ಕೊಂಚ ಕುಗ್ಗಿರುತ್ತದೆ.

ಬಿಎಂಐ: ಕಿಲೊಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ ಇದು. 165 ಸೆಂ.ಮೀ. ಎತ್ತರ, 62 ಕಿಲೊ ತೂಕದ ವ್ಯಕ್ತಿಯಲ್ಲಿ 1.65ರ ವರ್ಗ 2.72, 62ನ್ನು ಅದರಿಂದ ಭಾಗಿಸಿದರೆ 22.8. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ವಿಂಗಡಣೆಯಲ್ಲಿ 18.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ, 18.5ರಿಂದ 24.9 ಸಾಮಾನ್ಯ, 25ರಿಂದ ಅಧಿಕ ತೂಕ, 30ರಿಂದ ಬೊಜ್ಜು. ಈ ಗಡಿಗಳು ಒಪ್ಪಂದದಿಂದ ಬಂದವು. ಅಮೆರಿಕದಲ್ಲಿ ಅಧಿಕ ತೂಕದ ಗಡಿ ಪುರುಷರಿಗೆ 27.8, ಮಹಿಳೆಯರಿಗೆ 27.3 ಇದ್ದದ್ದನ್ನು 1998ರಲ್ಲಿ 25ಕ್ಕೆ ಇಳಿಸಿದಾಗ, ಒಂದು ಗ್ರಾಂ ಕೂಡ ಹೆಚ್ಚದೆ ಕೋಟ್ಯಂತರ ಜನ ಆ ವರ್ಗಕ್ಕೆ ಸೇರಿಬಿಟ್ಟರು.

ಸ್ನಾಯುವನ್ನೂ ಕೊಬ್ಬನ್ನೂ ಬಿಎಂಐ ಬೇರ್ಪಡಿಸಲಾರದು. ಮೈಸೂರಿನ ಗರಡಿಮನೆಯಲ್ಲಿ ಸಾಮು ಮಾಡಿದ ಪೈಲ್ವಾನ್ ಮತ್ತು ದಿನವಿಡೀ ಕುರ್ಚಿಯಲ್ಲಿ ಕೂತು ದುಡಿಯುವ ಅದೇ ಎತ್ತರ, ಅದೇ ತೂಕದ ಗುಮಾಸ್ತ, ಇಬ್ಬರಿಗೂ ಅದು ಒಂದೇ ಅಂಕಿ ಕೊಡುತ್ತದೆ. ಎತ್ತರದಿಂದ 100 ಕಳೆದರೆ ಬರುವುದೇ ಸರಿಯಾದ ತೂಕ ಎಂಬ ಬಾಯಿಲೆಕ್ಕ ಇನ್ನೂ ಒರಟಾದುದು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಪಾಲ್ ಬ್ರೋಕಾ ಹೆಸರಿನಲ್ಲಿರುವ ಈ ಸೂತ್ರ 180 ಸೆಂ.ಮೀ. ಎತ್ತರದವರಿಗೆ 80 ಕಿಲೊ ಎನ್ನುತ್ತದೆ. ಭಾರತೀಯ ಮಾನದಂಡದಲ್ಲಿ ಅದು ಅಧಿಕ ತೂಕ.

ಸೊಂಟದ ಸುತ್ತಳತೆ: ಹೊಟ್ಟೆಯ ಕೊಬ್ಬನ್ನು ಅಂದಾಜಿಸಲು ಇದು ಅಗ್ಗದ, ನಂಬಬಹುದಾದ ಸಾಧನ. ಕೊನೆಯ ಪಕ್ಕೆಲುಬು ಮತ್ತು ಸೊಂಟಮೂಳೆಯ ಮೇಲಂಚಿನ ನಡುಮಧ್ಯದಲ್ಲಿ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ, ಟೇಪನ್ನು ನೆಲಕ್ಕೆ ಸಮಾನಾಂತರವಾಗಿ, ಚರ್ಮವನ್ನು ಒತ್ತದ ಹಾಗೆ ಸುತ್ತಿ ಅಳೆಯಬೇಕು. ಪ್ಯಾಂಟಿನ ಸೈಜನ್ನೇ ಸೊಂಟದಳತೆ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಹೊಟ್ಟೆ ಎಷ್ಟೇ ಮುಂದೆ ಬಂದರೂ ಪ್ಯಾಂಟಿನ ಸೈಜು ಅಷ್ಟಾಗಿ ಬದಲಾಗುವುದಿಲ್ಲ. ಭಾರತೀಯ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಅಪಾಯದ ಗಡಿ. ಪುರುಷರು 78, ಮಹಿಳೆಯರು 72 ದಾಟಿದಾಗಲೇ ಎಚ್ಚರ ವಹಿಸಬೇಕೆಂದು 2009ರ ಭಾರತೀಯ ತಜ್ಞರ ಒಮ್ಮತದ ಮಾರ್ಗಸೂಚಿ ಹೇಳುತ್ತದೆ.

ಸೊಂಟದ ಅಳತೆಯನ್ನು ನಿತಂಬದ ಅಳತೆಯಿಂದ ಭಾಗಿಸಿ ಬರುವ ಅನುಪಾತ ಪುರುಷರಲ್ಲಿ 0.90, ಮಹಿಳೆಯರಲ್ಲಿ 0.85 ಮುಟ್ಟಿದರೆ ಅಪಾಯ ಹೆಚ್ಚು. ಸೊಂಟದ ಅಳತೆ ಎತ್ತರದ ಅರ್ಧವನ್ನು ಮೀರಬಾರದು ಎಂಬ ಇನ್ನೊಂದು ನಿಯಮವನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2022ರಲ್ಲಿ ಅಳವಡಿಸಿಕೊಂಡಿತು. ಇದಕ್ಕೆ ಒಂದು ದಾರ ಸಾಕು: ಎತ್ತರದಷ್ಟು ಉದ್ದದ ದಾರವನ್ನು ಎರಡಾಗಿ ಮಡಿಸಿದಾಗ ಅದು ಸೊಂಟವನ್ನು ಸುತ್ತಿಬರಬೇಕು.

ಕೊಬ್ಬಿನ ಅಳತೆ: ತೋಳು, ಬೆನ್ನು, ಸೊಂಟದ ಚರ್ಮದ ಮಡಿಕೆಯನ್ನು ಕ್ಯಾಲಿಪರ್‌ನಿಂದ ಹಿಡಿದು ದಪ್ಪ ನೋಡುವುದು ಹಳೆಯ ಕ್ರಮ. ಜಿಮ್ಮುಗಳಲ್ಲಿರುವ ಯಂತ್ರಗಳು ದೇಹದೊಳಗೆ ಸಣ್ಣ ವಿದ್ಯುತ್ ಹರಿಸಿ ಅದರ ತಡೆಯಿಂದ ಕೊಬ್ಬನ್ನು ಊಹಿಸುತ್ತವೆ. ನೀರು ಕುಡಿದಿದ್ದರೆ, ಬೆವರಿದ್ದರೆ ಅವುಗಳ ಅಂಕಿ ಬದಲಾಗುತ್ತದೆ. ಎರಡು ಬಗೆಯ ಕ್ಷ-ಕಿರಣಗಳನ್ನು ಬಳಸುವ ಡೆಕ್ಸಾ ಸ್ಕ್ಯಾನ್ ಇವುಗಳಿಗಿಂತ ನಿಖರ.

ಭಾರತೀಯರ ದೇಹರಚನೆ

ಪುಣೆಯ ಕೆಇಎಂ ಆಸ್ಪತ್ರೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನು ಅಕ್ಕಪಕ್ಕ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಡೆಕ್ಸಾ ಯಂತ್ರದಲ್ಲಿ ಯುಡ್ಕಿನ್ ದೇಹದ ಕೊಬ್ಬು ಶೇ 9.1 ಇದ್ದರೆ ಯಾಜ್ಞಿಕ್ ದೇಹದ್ದು ಶೇ 21.2. ಒಂದೇ ಪುಟದ ಆ ಬರಹ ಭಾರತೀಯರ ತೂಕದ ಚರ್ಚೆಯ ದಿಕ್ಕನ್ನೇ ಬದಲಿಸಿತು.

ಈ ವ್ಯತ್ಯಾಸ ಹುಟ್ಟಿನಿಂದಲೇ ಇದೆ ಎಂಬುದು ಯಾಜ್ಞಿಕ್ ತಂಡ ಪುಣೆ ಸುತ್ತಲಿನ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನದಿಂದ ತಿಳಿಯಿತು. ಅಲ್ಲಿನ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್‌ನ ಶಿಶುಗಳದ್ದು 3.5 ಕಿಲೊ. ಪುಣೆಯ ಮಕ್ಕಳಲ್ಲಿ ಸ್ನಾಯು, ಹೊಟ್ಟೆಯ ಅಂಗಗಳು ಬಹಳ ಚಿಕ್ಕವು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ಹೊರಗೆ ಸಣಕಲು, ಒಳಗೆ ಕೊಬ್ಬು ಎಂಬ ಈ ದೇಹರಚನೆಗೆ ತಾಯಂದಿರ ತಲೆಮಾರುಗಳ ಅಪೌಷ್ಟಿಕತೆ ಒಂದು ಕಾರಣವೆಂದು ಈ ಸಂಶೋಧಕರು ವಾದಿಸುತ್ತಾರೆ.

ಇಂಥ ಪುರಾವೆಗಳ ಆಧಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2004ರಲ್ಲಿ ಏಷ್ಯಾದವರಿಗೆ 23 ಮತ್ತು 27.5 ಎಂಬ ಹೆಚ್ಚುವರಿ ಗಡಿಗಳನ್ನು ಸೂಚಿಸಿತು. ಭಾರತದ 2009ರ ಮಾರ್ಗಸೂಚಿ ಇನ್ನೂ ಬಿಗಿ: 23ರಿಂದ ಅಧಿಕ ತೂಕ, 25ರಿಂದಲೇ ಬೊಜ್ಜು. ವಲಸೆ ಹೋದವರಿಗೂ ಇದು ಅನ್ವಯಿಸುತ್ತದೆ. ಇಂಗ್ಲೆಂಡಿನಲ್ಲಿ ಬಿಳಿಯರಿಗೆ 30ರ ಬಿಎಂಐಯಲ್ಲಿರುವಷ್ಟೇ ಮಧುಮೇಹದ ಅಪಾಯ ದಕ್ಷಿಣ ಏಷ್ಯಾ ಮೂಲದವರಿಗೆ 23.9ರಲ್ಲೇ ಇದೆಯೆಂದು 2021ರ ಅಧ್ಯಯನ ತೋರಿಸಿತು. ಅಮೆರಿಕದ ಮಧುಮೇಹ ಸಂಘ 2015ರಿಂದ ಏಷ್ಯಾ ಮೂಲದವರಿಗೆ 23ರಿಂದಲೇ ಮಧುಮೇಹ ಪರೀಕ್ಷೆ ಮಾಡಲು ಹೇಳುತ್ತಿದೆ. ಅಲ್ಲಿ ನೆಲೆಸಿದ ಕನ್ನಡಿಗರ ತೂಕವನ್ನು ಅಲ್ಲಿನ ಸಾಮಾನ್ಯ ಪಟ್ಟಿಯಲ್ಲಿ ನೋಡಿ ಸರಿಯಿದೆ ಎನ್ನುವಂತಿಲ್ಲ.

ಚೆನ್ನೈಯಲ್ಲಿ ಎ. ರಾಮಚಂದ್ರನ್ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಮಧುಮೇಹ ತಡೆ ಅಧ್ಯಯನವೂ ಇಲ್ಲಿ ಮುಖ್ಯ. ಊಟದಲ್ಲಿ ಬದಲಾವಣೆ ಮತ್ತು ನಿತ್ಯದ ನಡಿಗೆಯಿಂದ ಮಧುಮೇಹದ ಅಪಾಯ ಶೇ 28.5ರಷ್ಟು ತಗ್ಗಿತು, ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ತಕ್ಕಡಿಯ ಮುಳ್ಳು ಅಲುಗದಿದ್ದರೂ ಆರೋಗ್ಯ ಸುಧಾರಿಸಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಭಾರತೀಯ ಪುರಾವೆ ಸಿಗುವುದು ಕಷ್ಟ.

ಮಕ್ಕಳ ತೂಕ

ಬೆಳೆಯುವ ಮಕ್ಕಳಿಗೆ ವಯಸ್ಕರ ಬಿಎಂಐ ಗಡಿಗಳು ಸಲ್ಲವು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡ ಭಾರತವೂ ಸೇರಿ ಆರು ದೇಶಗಳ ಸುಮಾರು 8,500 ಮಕ್ಕಳ ಅಳತೆಗಳನ್ನು ಆಧರಿಸಿದೆ. ಎದೆಹಾಲು, ಶುಚಿತ್ವ, ಲಸಿಕೆ ಸರಿಯಾಗಿ ಸಿಕ್ಕರೆ ಎಲ್ಲ ದೇಶದ ಮಕ್ಕಳೂ ಐದು ವರ್ಷದ ತನಕ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಎಂಬುದು ಅದರ ಮುಖ್ಯ ಶೋಧ. 5ರಿಂದ 18 ವರ್ಷದ ಭಾರತೀಯ ಮಕ್ಕಳಿಗೆ ಭಾರತೀಯ ಮಕ್ಕಳ ತಜ್ಞರ ಸಂಘದ 2015ರ ನಕ್ಷೆಗಳಿವೆ.

ಕರ್ನಾಟಕದಲ್ಲಿ ಮಕ್ಕಳನ್ನು ನಿಯಮಿತವಾಗಿ ತೂಗುವ ಕೆಲಸ ಅಂಗನವಾಡಿಗಳದ್ದು. 1975ರಲ್ಲಿ ದೇಶದ 33 ಕಡೆ ಅಂಗನವಾಡಿಗಳ ಮೂಲವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಆ ಕಡೆಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ತೊಲೆಗೆ ತೂಗುಹಾಕಿದ ದುಂಡು ಮುಖದ ತಕ್ಕಡಿ, ಅದರ ಕೊಕ್ಕೆಗೆ ಚಡ್ಡಿಯಂತಹ ಬಟ್ಟೆಯ ಜೋಲಿ, ಅದರೊಳಗೆ ಕಾಲು ಬಡಿಯುತ್ತ ಅಳುವ ಮಗು. ಖಾಲಿ ಜೋಲಿ ಹಾಕಿ ಮುಳ್ಳನ್ನು ಸೊನ್ನೆಗೆ ತಂದುಕೊಂಡು, ಮಗು ಒಂದು ಕ್ಷಣ ಅಲುಗಾಡದಿದ್ದಾಗ ಕಾರ್ಯಕರ್ತೆ ಅಂಕಿಯನ್ನು ಓದಬೇಕು. ಡಿಜಿಟಲ್ ತಕ್ಕಡಿಗಳು ಬಂದ ಮೇಲೆ ಓದುವುದು ಸುಲಭವಾಗಿದೆ. ಅಂಕಿಗಳು ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಗೂ, 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ಗೂ ಸೇರುತ್ತವೆ.

ನಕ್ಷೆಯಲ್ಲಿ ಒಂದು ಚುಕ್ಕಿಗಿಂತ ಗೆರೆಯ ದಿಕ್ಕು ಮುಖ್ಯ. ಸಣ್ಣ ಮಗುವಾದರೂ ಗೆರೆ ಏರುತ್ತಿದ್ದರೆ ಭರವಸೆ. ದುಂಡಗಿದ್ದ ಮಗುವಿನ ಗೆರೆ ಎರಡು ತಿಂಗಳಿಂದ ಚಪ್ಪಟೆಯಾಗಿದ್ದರೆ ಕಾರಣ ಹುಡುಕಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಮೇಲ್ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ, 12.5ರ ತನಕ ಮಧ್ಯಮ. ಹುಟ್ಟಿದಾಗ 2.5 ಕಿಲೊಗಿಂತ ಕಡಿಮೆ ತೂಗುವ ಶಿಶುವನ್ನು ಕಡಿಮೆ ಜನನತೂಕದ ಮಗು ಎನ್ನುತ್ತಾರೆ.

ಗರ್ಭಿಣಿಯರು ಮತ್ತು ವೃದ್ಧರು

ಗರ್ಭಿಣಿ ಎಷ್ಟು ತೂಕ ಪಡೆಯಬೇಕೆಂಬುದು ಗರ್ಭ ನಿಲ್ಲುವ ಮೊದಲಿನ ತೂಕವನ್ನು ಅವಲಂಬಿಸಿದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ 2009ರ ಮಾರ್ಗಸೂಚಿ ಸಾಮಾನ್ಯ ತೂಕದವರಿಗೆ 11.5ರಿಂದ 16 ಕಿಲೊ, ಕಡಿಮೆ ತೂಕದವರಿಗೆ 12.5ರಿಂದ 18 ಕಿಲೊ ಏರಿಕೆಯನ್ನು ಸೂಚಿಸುತ್ತದೆ.

ವಯಸ್ಸಾದಂತೆ ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬರುತ್ತದೆ. ತೂಕ ಹಾಗೆಯೇ ಇದ್ದರೂ ದೇಹ ಬದಲಾಗಿರುತ್ತದೆ. 65 ದಾಟಿದವರಲ್ಲಿ ಕಡಿಮೆ ತೂಕವೇ ಹೆಚ್ಚು ಅಪಾಯಕಾರಿ. ಪ್ರಯತ್ನವಿಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕ ಶೇ 5ಕ್ಕಿಂತ ಹೆಚ್ಚು ಇಳಿದರೆ ಕ್ಷಯ, ಮಧುಮೇಹ, ಥೈರಾಯ್ಡ್, ಕ್ಯಾನ್ಸರ್, ಖಿನ್ನತೆಗಳ ಪರೀಕ್ಷೆ ಅಗತ್ಯ. ವಯಸ್ಸಾಯಿತು, ಹಾಗಾಗಿ ಇಳಿದರು ಎಂದು ಮನೆಯವರು ಸುಮ್ಮನಾಗುವುದರಿಂದ ರೋಗ ತಡವಾಗಿ ಪತ್ತೆಯಾಗುತ್ತದೆ.

ಬಳಕೆ

ಔಷಧ ಹಾಗೂ ಅರಿವಳಿಕೆಯ ಪ್ರಮಾಣ, ವಿಮೆಯ ಕಂತು, ಕುಸ್ತಿ ಮತ್ತು ಬಾಕ್ಸಿಂಗ್ ವಿಭಾಗಗಳು, ಪೌಷ್ಟಿಕತೆಯ ಸಮೀಕ್ಷೆಗಳು ತೂಕದ ಅಂಕಿಯನ್ನು ಆಧರಿಸಿವೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಆಹಾರದ ಶಿಫಾರಸುಗಳಿಗೆ ಬಳಸುವ ಮಾದರಿ ಪುರುಷನ ತೂಕ 2020ರಿಂದ 65 ಕಿಲೊ, ಮಹಿಳೆಯದು 55 ಕಿಲೊ. ಜಠರವನ್ನು ಕಿರಿದುಮಾಡುವ ಶಸ್ತ್ರಚಿಕಿತ್ಸೆಯನ್ನು ಏಷ್ಯಾದವರಿಗೆ 27.5ರ ಬಿಎಂಐಯಿಂದ ಪರಿಗಣಿಸಬಹುದೆಂದು 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹಸಿವು ತಗ್ಗಿಸುವ ಚುಚ್ಚುಮದ್ದುಗಳಾದ ಟಿರ್ಜೆಪಟೈಡ್ ಮತ್ತು ತೂಕ ಇಳಿಕೆಗೆಂದೇ ಇರುವ ಸೆಮಾಗ್ಲುಟೈಡ್ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು.

ಇಂದಿನ ಸ್ಥಿತಿ

ಬಿಎಂಐ ಒಂದನ್ನೇ ನಂಬುವ ಕ್ರಮ ಹಿಂದೆ ಸರಿಯುತ್ತಿದೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2023ರಲ್ಲಿ ಅದನ್ನು ಇತರ ಅಳತೆಗಳೊಂದಿಗೆ ಮಾತ್ರ ಬಳಸಬೇಕೆಂಬ ನಿಲುವು ತಳೆಯಿತು. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಆಯೋಗವೊಂದು ಬೊಜ್ಜನ್ನು ಎರಡಾಗಿ ವಿಂಗಡಿಸಿತು: ಅಂಗಗಳ ಕೆಲಸಕ್ಕೆ ಇನ್ನೂ ಧಕ್ಕೆ ತರದ ಪೂರ್ವಸ್ಥಿತಿ ಮತ್ತು ಈಗಾಗಲೇ ಧಕ್ಕೆ ತಂದಿರುವ ರೋಗಸ್ಥಿತಿ. ಅದೇ ತಿಂಗಳು ಭಾರತದ ತಜ್ಞರೂ 2009ರ ಮಾರ್ಗಸೂಚಿಯನ್ನು ಪರಿಷ್ಕರಿಸಿ, ಬಿಎಂಐ 23 ದಾಟಿದವರನ್ನು ಹೊಟ್ಟೆಯ ಕೊಬ್ಬು ಮತ್ತು ಜೊತೆಗಿರುವ ಕಾಯಿಲೆಗಳ ಆಧಾರದ ಮೇಲೆ ಎರಡು ಹಂತಗಳಲ್ಲಿ ಗುರುತಿಸುವ ಕ್ರಮ ಪ್ರಕಟಿಸಿದರು.

ದೇಶ ಎರಡು ತುದಿಗಳ ಸಂಕಟವನ್ನು ಒಟ್ಟಿಗೇ ಎದುರಿಸುತ್ತಿದೆ. 2015–16 ಮತ್ತು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ ಕರ್ನಾಟಕದಲ್ಲಿ 25 ಮತ್ತು ಅದಕ್ಕಿಂತ ಹೆಚ್ಚು ಬಿಎಂಐ ಇರುವ ಮಹಿಳೆಯರ ಪ್ರಮಾಣ ಶೇ 23.3ರಿಂದ 30.1ಕ್ಕೆ, ಪುರುಷರದ್ದು ಶೇ 22.1ರಿಂದ 30.9ಕ್ಕೆ ಏರಿತು. ಇದೇ ಅವಧಿಯಲ್ಲಿ ಕಡಿಮೆ ತೂಕದ ಮಹಿಳೆಯರು ಶೇ 20.7ರಿಂದ 17.2ಕ್ಕೆ ಮಾತ್ರ ಇಳಿದರು. ಎರಡನೆಯ ಸಮೀಕ್ಷೆಯಲ್ಲಿ ಸೊಂಟ ಮತ್ತು ನಿತಂಬದ ಅಳತೆಯನ್ನೂ ಮೊದಲ ಬಾರಿಗೆ ತೆಗೆದುಕೊಳ್ಳಲಾಯಿತು. ಆ ಸಮೀಕ್ಷೆಯಂತೆ, 25ರ ಬಿಎಂಐ ಗಡಿಯ ಪ್ರಕಾರ ದೇಶದ ಶೇ 24.0 ಮಹಿಳೆಯರು ಮತ್ತು ಶೇ 22.9 ಪುರುಷರು ಅಧಿಕ ತೂಕದವರು. ಸೊಂಟ–ನಿತಂಬದ ಅನುಪಾತದ ಪ್ರಕಾರ ಅಪಾಯದಲ್ಲಿರುವ ಮಹಿಳೆಯರು ಶೇ 56.7, ಪುರುಷರು ಶೇ 47.7.